ಚಾವಣಿ ಎತ್ತಿದ ದಿನ

"ಅವನಿಗೆ ಹೇಳು, ತಲೆ ಬಗ್ಗಿಸೋಕಾಗದವನು ಬಸ್ಸಿನ ತಂಟೆಗೆ ಯಾಕೆ ಬಂದ ಅಂತ."

ಅಪ್ಪ ಇದನ್ನು ಹೇಳಿದ್ದು ಮಗಳಿಗೆ. ಅಳಿಯ ಎರಡೇ ಮಾರು ದೂರದಲ್ಲಿ, ಚಾವಣಿಗೆ ಬಡಿದ ನೆತ್ತಿಯನ್ನು ಉಜ್ಜಿಕೊಳ್ಳುತ್ತಾ ನಿಂತಿದ್ದ. ಮಾತು ಅವನ ಕಿವಿಗೆ ಬಿದ್ದೇ ಇತ್ತು. ಆದರೂ ಅದು ಮಗಳ ಬಾಯಿಂದ ಬರುವವರೆಗೆ ಅವನು ಕಾಯಬೇಕು. ಹಾಗೊಂದು ಪದ್ಧತಿ ಬೆಳೆದುಬಿಟ್ಟಿತ್ತು.

"ಏನ್ರೀ, ಪೆಟ್ಟಾಯ್ತಾ ಅಂತ ಕೇಳ್ತಿದಾನೆ ಅಪ್ಪ" ಎಂದಳು ಅವಳು.

"ನಾನು ಹಾಗೆ ಹೇಳಲಿಲ್ಲ."

"ಅರ್ಥ ಅದೇ ತಾನೆ?"

ಅಪ್ಪ ಗೊಣಗಿಕೊಂಡು ಬಸ್ಸಿನ ಕಿಟಕಿಯ ಕಂಬಗಳ ಮೇಲೆ ಕೈಯಾಡಿಸುತ್ತಾ ಹಿಂದಕ್ಕೆ ನಡೆದ. ಶಾಲೆಯವರು ಹೊಸ ಬಸ್ಸು ಕೊಂಡು ಮೂಲೆಗೆ ತಳ್ಳಿದ್ದ ಹಳದಿ ಬಸ್ಸು ಅದು. ಈಗ ಬೇಕರಿಯ ಹಿಂದಿನ ಖಾಲಿ ಜಾಗದಲ್ಲಿ, ಕಟ್ಟಡದ ಗೋಡೆಯಿಂದ ಒಂದೇ ಮಾರು ದೂರದಲ್ಲಿ ನಿಂತಿತ್ತು. ಅಳಿಯ ಅದೇ ಬೇಕರಿಯಲ್ಲಿ ಬ್ರೆಡ್ಡು ಮಾಡುವವನು. ಇದ್ದ ಬಾಡಿಗೆ ಕೋಣೆಯನ್ನು ಮಾಲೀಕರು ಬಿಡಿಸಿಕೊಂಡಾಗ ಗಂಡಹೆಂಡಿರು ಊರೆಲ್ಲ ಸುತ್ತಿದರು. ಒಂದು ಕಡೆ ನೀರಿಲ್ಲ, ಇನ್ನೊಂದು ಕಡೆ ಅವಳ ಹೊಲಿಗೆ ಯಂತ್ರದ ಸದ್ದು ತಮಗೆ ಆಗದು ಎಂದರು. ಕೊನೆಗೆ ಬೇಕರಿಯ ಯಜಮಾನಿಯೇ, "ಹಿತ್ತಲಲ್ಲಿ ಏನಾದರೂ ನಿಲ್ಲಿಸ್ಕೊಂಡು ಇರಿ, ನನಗೂ ರಾತ್ರಿ ಕಾವಲಿಗೆ ಜನ ಆದ ಹಾಗಾಯ್ತು" ಎಂದಳು. ಏನಾದರೂ ಎಂದರೆ ಬಸ್ಸು ಎಂದುಕೊಂಡಿರಲಿಲ್ಲ, ಪಾಪ.

ಸೀಟುಗಳನ್ನು ಕಳಚಿ ಗೋಡೆಯ ಪಕ್ಕ ಸಾಲಾಗಿ ಇಟ್ಟಾಗಿತ್ತು. ಅವುಗಳ ತಳದಲ್ಲಿ ವರ್ಷಗಟ್ಟಲೆಯಿಂದ ಅಂಟಿದ್ದ ಚೂಯಿಂಗ್ ಗಮ್ಮನ್ನು ಅಳಿಯ ಹಿಟ್ಟು ಕೆರೆಯುವ ಅಲಗಿನಿಂದ ಎಬ್ಬಿಸಿದ್ದ. ಹಾಸಿಗೆ ಎಲ್ಲಿ, ಒಲೆ ಎಲ್ಲಿ, ಹಿಂದಿನ ದೊಡ್ಡ ಗಾಜಿನ ಕೆಳಗೆ ಹೊಲಿಗೆ ಯಂತ್ರ ಎಲ್ಲಿ ಎಂದು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದಾಗಿತ್ತು. ಉಳಿದ ತೊಡಕು ಒಂದೇ. ಮಕ್ಕಳ ಅಳತೆಗೆ ಮಾಡಿದ ಬಸ್ಸು, ಅಳಿಯ ಆರಡಿಯ ಮೇಲಿದ್ದ. ಬಸ್ಸಿನೊಳಗೆ ಅವನು ಯಾವಾಗಲೂ ಯಾರ ಮುಂದೋ ತಪ್ಪೊಪ್ಪಿಕೊಳ್ಳುತ್ತಿರುವವನ ಹಾಗೆ ಕಾಣುತ್ತಿದ್ದ.

ಕಿಟಕಿಯ ಕಂಬಗಳನ್ನೆಲ್ಲ ನಡುವೆ ಕತ್ತರಿಸಿ, ಚಾವಣಿಯನ್ನು ಇಡಿಯಾಗಿ ಮೇಲಕ್ಕೆತ್ತಿ, ನಡುವೆ ಕಬ್ಬಿಣದ ತುಂಡು ಕೊಟ್ಟು ಬೆಸೆಯಬೇಕು. ಆ ಕೆಲಸ ಬಲ್ಲವರು ಊರಲ್ಲಿ ಒಬ್ಬರೇ, ಅವಳ ಅಪ್ಪ. ಬಸ್ಸುಗಳಿಗೆ ಮೈ ಕಟ್ಟುವ ದೊಡ್ಡ ಶೆಡ್ಡಿನಲ್ಲಿ ಅವನು ಹಿರಿಯ ಮೇಸ್ತ್ರಿ. ಅವಳು ಸೀಟಿನ ಹೊದಿಕೆ ಹೊಲಿಯುವುದನ್ನು ಕಲಿತದ್ದೂ ಅದೇ ಶೆಡ್ಡಿನ ಮೂಲೆಯಲ್ಲಿ. ಆದರೆ ಅಪ್ಪ ಅಳಿಯನ ಜೊತೆ ಮಾತು ಬಿಟ್ಟಿದ್ದ.

ಮದುವೆ ಗೊತ್ತಾದಾಗ ಅಪ್ಪ ತನ್ನ ಮನೆಯ ಮೇಲೊಂದು ಕೋಣೆ, ಅಡುಗೆಮನೆ ಎಬ್ಬಿಸಿದ್ದ. ಮಗಳನ್ನು ನಿಲ್ಲಿಸಿ ಸೊಂಟದ ಎತ್ತರ ನೋಡಿ ಕಲ್ಲಿನ ಕಟ್ಟೆ ಹಾಕಿಸಿದ್ದ. ನೆಂಟರೆಲ್ಲ ಸೇರಿದ್ದಾಗ ಅಳಿಯನಾಗುವವನ ಕಡೆಗೆ ಬೀಗದ ಕೈ ಚಾಚಿದ. ಆ ಹುಡುಗ ಮೆಲ್ಲಗೆ, "ಬೇಡ ಮಾವ. ನಾವು ಎಲ್ಲಾದ್ರೂ ಬೇರೆ ಇರ್ತೀವಿ" ಎಂದ. ಒರಟಾಗಿಯೇನೂ ಹೇಳಲಿಲ್ಲ. ಅಪ್ಪ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಊಟಕ್ಕೆ ಎಲ್ಲರನ್ನೂ ಎಬ್ಬಿಸಿದ. ಅಂದಿನಿಂದ ಅಳಿಯನ ಹೆಸರು ಅವನ ಬಾಯಲ್ಲಿ 'ಆ ಕಂಬ' ಎಂದಾಯಿತು. ಮೇಲಿನ ಕೋಣೆ ಖಾಲಿ ಇತ್ತು. ಅದು ಖಾಲಿ ಇರುವಾಗ ಮಗಳು ಬಸ್ಸಿನಲ್ಲಿ ಸಂಸಾರ ಹೂಡುತ್ತಾಳೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಆದರೂ ಬಂದ. "ನೀನು ಬರದಿದ್ರೆ ಇವರೇ ಕತ್ತರಿಸ್ತಾರಂತೆ" ಎಂದು ಮಗಳು ಹೇಳಿದ್ದು ಸಾಕಾಯಿತು. ರಜೆಯ ದಿನಗಳಲ್ಲೆಲ್ಲ ಬಂದು ನೆಲದ ತುಕ್ಕು ಹಿಡಿದ ತೂತುಗಳಿಗೆ ತಗಡಿನ ತೇಪೆ ಹಾಕಿದ. ಮಾತೆಲ್ಲ ಮಗಳ ಮೂಲಕ.

"ಮಾವ, ಟೀ ತರಲಾ?"

"ತರಲಿ ಅಂತ ಹೇಳು. ಸಕ್ಕರೆ ಮೊನ್ನೆ ಹಾಗೆ ಸುರೀಬೇಡ ಅಂತಲೂ ಹೇಳು."

"ತರಬೇಕಂತೆ ರೀ. ಮೊನ್ನೇದು ಚೆನ್ನಾಗಿತ್ತಂತೆ."

ಹೀಗೆ ಮಾತು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ಅವಳು ಅದರ ಮುಳ್ಳು ತೆಗೆಯುತ್ತಿದ್ದಳು. ಇಬ್ಬರಿಗೂ ಅದು ಗೊತ್ತಿತ್ತು. ಇಬ್ಬರಿಗೂ ಅದರಿಂದ ತೊಂದರೆಯೇನೂ ಆಗಿರಲಿಲ್ಲ.

ತೇಪೆಯ ಕೆಲಸ ಮುಗಿದ ಮಧ್ಯಾಹ್ನ ಅವಳು ನೆಲ ಗುಡಿಸುತ್ತಿದ್ದಾಗ ಒಂದು ತಗಡು ಕಾಲಬೆರಳಿಗೆ ತಾಕಿ ಅಲ್ಲಾಡಿತು. ಬಗ್ಗಿ ನೋಡಿದಳು. ಬೆಸುಗೆಯ ಗೆರೆ ನೇರವಾಗಿತ್ತು, ಅವಳು ಸೀಟಿನ ಅಂಚಿಗೆ ಹಾಕುವ ಹೊಲಿಗೆಯಷ್ಟೇ ಒಪ್ಪವಾಗಿತ್ತು. ಆದರೆ ಅದು ಸಂದಿನ ಮೇಲಿರಲಿಲ್ಲ. ಒಂದು ಬೆರಳು ಆಚೆ, ಏನೂ ಸೇರಿಸಬೇಕಾಗಿಲ್ಲದ ಬರಿಯ ತಗಡಿನ ಮೇಲೆ ಸಾಗಿಹೋಗಿತ್ತು. ಪಕ್ಕದ್ದೂ ಹಾಗೆಯೇ. ಬಸ್ಸಿನೊಳಗೆ ಬೆಳಕು ಸಾಲದು ಎಂದು ಅಪ್ಪ ಬೈಯುತ್ತಿದ್ದದ್ದು, ಬೋಲ್ಟುಗಳನ್ನು ನೋಡದೆ ಹೆಬ್ಬೆರಳಿನಲ್ಲಿ ಸವರಿ ಆರಿಸುತ್ತಿದ್ದದ್ದು, ಎಲ್ಲ ಒಂದರ ಹಿಂದೊಂದು ನೆನಪಿಗೆ ಬಂತು. ಅವಳು ಎದ್ದು, ಹೊರಗಿದ್ದ ಪ್ಲೈವುಡ್ ಹಲಗೆಯನ್ನು ಎಳೆದು ತಂದು ಅದರ ಮೇಲೆ ಹಾಸಿದಳು. ಯಾರಿಗೂ ಹೇಳಲಿಲ್ಲ. ಸುದ್ದಿ ಶೆಡ್ಡಿಗೆ ಮುಟ್ಟಿದರೆ ಮಾರನೆಯ ದಿನವೇ ಅಪ್ಪ ಮನೆಯಲ್ಲಿ ಕೂರಬೇಕು. ಅವನು ಒಳಗೆ ಬಂದರೆ ಇಂದಿಗೂ ಅಲ್ಲಿನವರು ಬೀಡಿ ಮರೆಮಾಡಿ ಎದ್ದು ನಿಲ್ಲುತ್ತಿದ್ದರು.

ಬೇಕರಿಗೆ ರಜೆ ಇದ್ದ ದಿನ ಚಾವಣಿ ಎತ್ತುವುದೆಂದಾಯಿತು. ಅಪ್ಪನೂ ಶೆಡ್ಡಿಗೆ ರಜೆ ಹಾಕಿದ. ಬೆಳಗ್ಗೆಯಿಂದ ಅಳಿಯ ಗ್ರೈಂಡರ್ ಹಿಡಿದು ಕಂಬಗಳನ್ನು ಒಂದೊಂದಾಗಿ ಕತ್ತರಿಸಿದ. ಗುರುತು ಹಾಕಿದ್ದು ಅಪ್ಪ, ಕೈಯಲ್ಲಿ ಗೇಣು ಹಾಕಿ. ಅದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಚಾವಣಿ ಪಕ್ಕಕ್ಕೆ ಜಾರದ ಹಾಗೆ ಅಲ್ಲಲ್ಲಿ ಕಂಬದ ಎರಡು ತುಂಡುಗಳಿಗೂ ಸೇರಿಸಿ ಉದ್ದದ ಪಟ್ಟಿಗಳನ್ನು ಬೋಲ್ಟಿನಿಂದ ಸಡಿಲವಾಗಿ ಜೋಡಿಸಿದರು. ಒಳಗೆ ನಾಲ್ಕು ಮೂಲೆಗೂ ಮರದ ದಿಮ್ಮಿಯ ಮೇಲೆ ಒಂದೊಂದು ಜಾಕು ನಿಂತಿತು. ಕೊನೆಯ ಕಂಬ ಕತ್ತರಿಸಿದಾಗ ಬಸ್ಸು ನಿಟ್ಟುಸಿರು ಬಿಟ್ಟಂತೆ ಸಣ್ಣಗೆ ಅಲುಗಿತು.

ಯಜಮಾನಿ ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. "ನೋಡ್ರಪ್ಪ, ನನ್ನ ಗೋಡೆ ಮೇಲೆ ಮಾತ್ರ ಬೀಳಿಸಬೇಡಿ" ಎಂದು ಆಗಾಗ ಕೂಗಿ ಹೇಳುತ್ತಿದ್ದಳು. ಗೋಡೆ ಇದ್ದದ್ದು ಬಸ್ಸಿನ ಬಲಕ್ಕೆ.

ಅಪ್ಪ ಮುಂಭಾಗದಲ್ಲಿ ನಿಂತ. ಚಾವಣಿಯ ಅಡ್ಡಪಟ್ಟಿಯ ಮೇಲೆ ರಸಮಟ್ಟ ಇಟ್ಟು, ಅದರೊಳಗಿನ ಗುಳ್ಳೆ ನೋಡಿ ಯಾವ ಕಡೆ ಎತ್ತರ, ಯಾವ ಕಡೆ ತಗ್ಗು ಎಂದು ಹೇಳುವುದು ಅವನ ಕೆಲಸ. ಅಳಿಯ ಒಂದು ಜಾಕಿನಿಂದ ಇನ್ನೊಂದಕ್ಕೆ ಓಡಾಡಿ ಸ್ವಲ್ಪ ಸ್ವಲ್ಪವೇ ಎತ್ತುತ್ತಿದ್ದ. ಅವಳು ನಡುವೆ. ಕತ್ತರಿಸಿದ ಕಂಬಗಳ ನಡುವಿನ ಸಂದು ಬೆರಳಗಲ ಆಯಿತು, ಅಂಗೈಯಗಲ ಆಯಿತು. ಅಳಿಯನ ಬೆನ್ನು ನಿಧಾನಕ್ಕೆ ನೆಟ್ಟಗಾಗುತ್ತಾ ಬಂತು.

ಆಗ ಹಿಂದೆಲ್ಲೋ ಕಿರ್ ಎಂದಿತು. ಬಲಗಡೆಯ ಪಟ್ಟಿಯೊಂದರಲ್ಲಿ ಬೋಲ್ಟು ಬಾಗುತ್ತಿತ್ತು.

ಅಪ್ಪ ರಸಮಟ್ಟದ ಮೇಲೆ ಮುಖವನ್ನು ತೀರ ಹತ್ತಿರ ತಂದ. "ಎಡಗಡೆ ತಗ್ಗಿದೆ. ಎಡಗಡೇದು ಎತ್ತೋಕೆ ಹೇಳು ಅವನಿಗೆ."

ಅವಳು ಅವನ ಭುಜದ ಮೇಲಿಂದ ನೋಡಿದಳು. ಗುಳ್ಳೆ ಎಡ ತುದಿಗೆ ಅಂಟಿಕೊಂಡಿತ್ತು. ಎಡಗಡೆ ತಗ್ಗಿರಲಿಲ್ಲ, ಆಗಲೇ ಎತ್ತರವಿತ್ತು. ಇನ್ನೂ ಎತ್ತಿದರೆ ಚಾವಣಿಯ ಭಾರವೆಲ್ಲ ಬಲಕ್ಕೆ ಜಾರುತ್ತದೆ, ಬಾಗುತ್ತಿರುವ ಬೋಲ್ಟಿನ ಮೇಲೆ, ಗೋಡೆಯ ಮೇಲೆ.

ಅವಳು ಹಿಂದಕ್ಕೆ ನಡೆದಳು. ಅಳಿಯ ಎಡ ಜಾಕಿನ ಹಿಡಿಗೆ ಕೈ ಹಾಕಿ ಅವಳ ಮುಖ ನೋಡುತ್ತಿದ್ದ. ಮಾವನ ಮಾತು ಅವನಿಗೆ ಕೇಳಿಸಿತ್ತು.

"ಬಲಗಡೇದು" ಎಂದಳು ಮೆಲ್ಲಗೆ.

ಅವನು ಎಡ ಜಾಕಿನಿಂದ ಕೈ ತೆಗೆದು ಬಲಕ್ಕೆ ಹೋಗಿ ಹಿಡಿ ತಿರುಗಿಸತೊಡಗಿದ. ಕಟ್, ಕಟ್, ಕಟ್. ಕಿರುಗುಡುವ ಸದ್ದು ನಿಂತಿತು. ಬೋಲ್ಟು ಬಾಗಿದಷ್ಟಕ್ಕೇ ಉಳಿಯಿತು.

ಅಪ್ಪನ ತಲೆ ಮೇಲೆದ್ದಿತು. ಕಣ್ಣು ಏನೇ ಆಗಿರಲಿ, ಜಾಕು ಯಾವ ಮೂಲೆಯಲ್ಲಿ ತಿರುಗುತ್ತಿದೆ ಎಂದು ತಿಳಿಯದ ಕಿವಿ ಅವನದಲ್ಲ.

"ನಾನು ಯಾವ ಕಡೆ ಅಂದೆ?"

ಅಪ್ಪ ರಸಮಟ್ಟವನ್ನು ಅಲ್ಲಿಯೇ ಬಿಟ್ಟು ಎಡಗಡೆಯ ಕಂಬದ ಹತ್ತಿರ ಬಂದ. ಕತ್ತರಿಸಿದ ಸಂದಿನೊಳಗೆ ಬೆರಳುಗಳನ್ನು ಜೋಡಿಸಿ ಇಟ್ಟ. ನಾಲ್ಕು ಬೆರಳು ಸೇರಿ ಇನ್ನೂ ಜಾಗ ಉಳಿಯಿತು. ಎದುರುಗಡೆ ಹೋಗಿ ಬಲಗಡೆಯ ಕಂಬದಲ್ಲೂ ಇಟ್ಟು ನೋಡಿದ. ಬೆರಳುಗಳು ಬಿಗಿಯಾಗಿ ಕೂತವು. ಕೈಯನ್ನು ಅಲ್ಲಿಂದ ತೆಗೆಯದೆ ಬಹಳ ಹೊತ್ತು ನಿಂತ. ಹೊರಗಿನಿಂದ ಯಜಮಾನಿ, "ಏನಾಯ್ತ್ರೋ?" ಎಂದು ಕೂಗಿದಳು.

"ಯಾವಾಗಿಂದ ಗೊತ್ತು ನಿನಗೆ?" ಅಪ್ಪ ಕಂಬದ ಕಡೆಗೇ ಮುಖ ಮಾಡಿ ಕೇಳಿದ.

"ನೆಲದ ತೇಪೆ ಹಾಕಿದಾಗಿಂದ."

"ಅದಕ್ಕೇ ಹಲಗೆ ಹಾಸಿದ್ದಾ? ನಾನು ಚಂದಕ್ಕೆ ಅಂದ್ಕೊಂಡೆ."

ಅವಳು ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಆ ನೋಟದಲ್ಲೇ ಅವಳಿಗೆ ತಿಳಿಯಿತು, ಹಲಗೆಯ ಅಡಿಯಲ್ಲಿ ಏನಿದೆಯೆಂದು ಅವನೂ ಕಂಡಿದ್ದಾನೆ. ತನ್ನ ಹಾಗೆಯೇ ಬಾಯಿ ಮುಚ್ಚಿಕೊಂಡಿದ್ದಾನೆ.

"ನೀನು ಇನ್ನು ಪಕ್ಕಕ್ಕೆ ನಿಲ್ಲು" ಎಂದ ಅಪ್ಪ. "ನಾನೊಂದು ಹೇಳಿದ್ರೆ ನೀನೊಂದು ಹೇಳ್ತೀಯ. ಟೀ ವಿಷಯಕ್ಕೆ ಸರಿ. ಜಾಕಿನ ವಿಷಯಕ್ಕೆ ಆಗಲ್ಲ."

ಆಮೇಲೆ ಬಸ್ಸಿನ ಹಿಂಭಾಗಕ್ಕೆ ತಿರುಗಿದ.

"ಏಯ್ ಕಂಬ. ಇಲ್ಲಿ ಬಾ. ಗುಳ್ಳೆ ಎಲ್ಲಿದೆ ನೋಡಿ ಹೇಳು."

ಅಳಿಯ ಬಂದ. ಅಭ್ಯಾಸಬಲದಿಂದ ತಲೆ ಬಗ್ಗಿಸಿಯೇ ಬಂದ. ರಸಮಟ್ಟ ನೋಡಿ, "ಇನ್ನೂ ಎಡಕ್ಕಿದೆ ಮಾವ. ನಡುಗೆರೆಗಿಂತ ಒಂದು ಅಕ್ಕಿಕಾಳಿನಷ್ಟು" ಎಂದ.

"ಅಕ್ಕಿಕಾಳು ಉದ್ದಕ್ಕಾ ಅಡ್ಡಕ್ಕಾ?"

"ಅಡ್ಡಕ್ಕೆ."

"ಹಾಗಾದ್ರೆ ಬಲಗಡೆ ಹಿಂದಿನ ಮೂಲೆ ಅರ್ಧ ಸುತ್ತು. ಅರ್ಧ ಅಂದ್ರೆ ಅರ್ಧ. ಹಿಟ್ಟಿಗೆ ಉಪ್ಪು ಹಾಕೋ ಹಾಗೆ ಅಂದಾಜಲ್ಲ."

"ಉಪ್ಪನ್ನ ತೂಕ ಹಾಕೇ ಹಾಕೋದು ಮಾವ."

"ಹಾಗಾದ್ರೆ ಒಳ್ಳೇದೇ ಆಯ್ತು."

ಅಲ್ಲಿಂದ ಮುಂದೆ ಅವಳಿಗೆ ಕೆಲಸವಿರಲಿಲ್ಲ. ಕಳಚದೆ ಉಳಿದಿದ್ದ ಡ್ರೈವರ್ ಸೀಟಿನಲ್ಲಿ ಕೂತು ಇಬ್ಬರ ಮಾತನ್ನೂ ಕೇಳಿದಳು. ಒಬ್ಬ ಗುಳ್ಳೆ ನೋಡಿ ಹೇಳುತ್ತಿದ್ದ, ಇನ್ನೊಬ್ಬ ಕಿವಿಯಿಂದಲೂ ಬೆರಳಿನಿಂದಲೂ ಲೆಕ್ಕ ಹಾಕುತ್ತಿದ್ದ. ನಡುನಡುವೆ ಅಪ್ಪ ಬೈದ, ಒಂದು ಸಲ ಚೆನ್ನಾಗಿಯೇ ಬೈದ. ಮುಳ್ಳು ತೆಗೆಯುವವರಿಲ್ಲದೆ ಬೈಗುಳ ನೇರವಾಗಿ ಹೋಗಿ ತಲುಪಿತು. ಅಳಿಯ "ಆಯ್ತು ಮಾವ" ಎಂದ, ಅಷ್ಟೆ. ಹೊತ್ತು ಇಳಿಯುವಷ್ಟರಲ್ಲಿ ಚಾವಣಿ ಬೇಕಾದ ಎತ್ತರಕ್ಕೆ ಬಂದು ಮಟ್ಟಸವಾಗಿ ನಿಂತಿತು. ಸಂದುಗಳಲ್ಲಿ ಕಬ್ಬಿಣದ ತುಂಡುಗಳನ್ನಿಟ್ಟು ಕ್ಲಾಂಪು ಬಿಗಿದರು. ಯಜಮಾನಿ ಗೋಡೆಯನ್ನೊಮ್ಮೆ ಮುಟ್ಟಿ ನೋಡಿ, ಕುರ್ಚಿ ಎತ್ತಿಕೊಂಡು ಒಳಗೆ ಹೋದಳು.

ಉಳಿದದ್ದು ಬೆಸುಗೆ. ಅಪ್ಪ ತನ್ನ ಪೆಟ್ಟಿಗೆಯಿಂದ ಮುಖಕ್ಕೆ ಹಿಡಿಯುವ ಗುರಾಣಿಯನ್ನು ತೆಗೆದ. ಕೈಯಲ್ಲಿ ಹಿಡಿದುಕೊಂಡೇ ಇದ್ದ. ಅದರ ಕಪ್ಪು ಗಾಜನ್ನು ಅಂಗಿಯ ತುದಿಯಿಂದ ಒರೆಸಿದ. ಮತ್ತೆ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ.

"ಶೆಡ್ಡಿಗೆ ಫೋನ್ ಮಾಡು. ಬೆಸುಗೆಗೆ ಯಾರನ್ನಾದ್ರೂ ನಾಳೆ ಕಳಿಸೋಕೆ ಹೇಳು."

ಅವಳು ಫೋನು ಕೈಗೆ ತೆಗೆದುಕೊಂಡಳು. "ಏನಂತ ಹೇಳಲಿ? ಕೈ ನೋವು ಅನ್ನಲಾ?"

"ಇದ್ದದ್ದನ್ನ ಹೇಳು" ಎಂದ ಅಪ್ಪ. "ಈ ಸಲ ಮಾತು ಬದಲಾಯಿಸಬೇಡ."

ಆ ಕಡೆ ಫೋನೆತ್ತಿದವನು ನಗುತ್ತಲೇ ಮಾತಾಡಿದ. "ಮೇಸ್ತ್ರಿಗಳೇ ಇರುವಾಗ ನಾವು ಯಾಕಮ್ಮ ಬೇಕು?" ಎಂದ. ಅವಳು ಅಪ್ಪನನ್ನು ನೋಡಿದಳು. ಅಪ್ಪ ಬಸ್ಸಿನ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ.

"ಅಪ್ಪನಿಗೆ ಕಣ್ಣು ಸರಿಯಾಗಿ ಕಾಣಿಸ್ತಿಲ್ಲ" ಎಂದಳು. "ಬಹಳ ದಿನ ಆಯ್ತು."

ಆ ಕಡೆ ನಗು ನಿಂತಿತು. ಯಾರೋ ತಗಡು ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಅವನು, "ಬೆಳಗ್ಗೆ ನಾನೇ ಬರ್ತೀನಿ" ಎಂದು ಇಟ್ಟುಬಿಟ್ಟ.

"ಏನಂದ?"

"ಬೆಳಗ್ಗೆ ತಾನೇ ಬರ್ತಾನಂತೆ."

"ಅಷ್ಟೇನಾ?"

"ಅಷ್ಟೇ ಅಪ್ಪ."

ಅಪ್ಪ ತಲೆಯಾಡಿಸಿದ. ಬೂಟು ಕಳಚಿ, ಒಳಗೆ ಸೇರಿದ್ದ ಕಬ್ಬಿಣದ ಪುಡಿಯನ್ನು ಮೆಟ್ಟಿಲಿಗೆ ಬಡಿದು ಕೊಡವಿದ. ಅಳಿಯ ಒಳಗೆ ತಾಡಪಾಲಿನ ಮಡಿಕೆ ಬಿಚ್ಚುತ್ತಿದ್ದ. ರಾತ್ರಿ ಗಾಳಿ ನುಗ್ಗದಂತೆ ಸಂದು ಮುಚ್ಚಬೇಕಲ್ಲ. ಇನ್ನೂ ಕಟ್ಟಿರಲಿಲ್ಲ.

ಸೂರ್ಯ ಎದುರುಗಡೆಯ ಮನೆಗಳ ಮಟ್ಟಕ್ಕೆ ಬಂದಿದ್ದ. ಬಿಸಿಲು ಬಸ್ಸಿನ ಒಂದು ಕಡೆಯ ಸಂದಿನಿಂದ ಒಳಹೊಕ್ಕು, ಇನ್ನೊಂದು ಕಡೆಯ ಸಂದಿನಿಂದ ಹೊರಬಂದು, ಬೇಕರಿಯ ಗೋಡೆಯ ಮೇಲೆ ಉದ್ದನೆಯ ಒಂದು ಪಟ್ಟಿಯಾಗಿ ಬಿದ್ದಿತ್ತು. ಅಪ್ಪ ಬರಿಗಾಲಲ್ಲಿ ಗೋಡೆಯ ಹತ್ತಿರ ಹೋಗಿ, ಅದಕ್ಕೆ ಬೆನ್ನು ಕೊಟ್ಟು ಬಿಸಿಲಿಗೆ ಮುಖ ಮಾಡಿ ನಿಂತ. ಪಟ್ಟಿ ಅವನ ಎದೆಯ ಮೇಲೆ ಇತ್ತು, ಆಮೇಲೆ ಕುತ್ತಿಗೆಯ ಮೇಲೆ. ಅದು ಮೆಲ್ಲಗೆ ಏರಿ ಮುಖವನ್ನು ದಾಟಿ ಹೋಗುವವರೆಗೂ ಅವನು ಕಣ್ಣು ತೆರೆದುಕೊಂಡೇ ನಿಂತಿದ್ದ.