ಸಣ್ಣ ತೊರೆಗೆ ಹಗುರ ಕೋಲು

ಹಿಟ್ಟು ನಾದುವ ಯಂತ್ರಕ್ಕೆ ಸಿಕ್ಕಿ ಬಲಗೈ ಮಣಿಕಟ್ಟು ಮುರಿದಾಗ ಬೇಕರಿಯವನು ಮೊದಲು ಕೇಳಿದ್ದು, "ಇನ್ನು ಗಾಳ ಹಾಕೋಕಾಗುತ್ತಾ ಡಾಕ್ಟ್ರೇ?" ಎಂದು. ಮಂಚದ ಪಕ್ಕ ನಿಂತಿದ್ದ ಅಕ್ಕ ಹಣೆ ಚಚ್ಚಿಕೊಂಡಳು. ಆದರೆ ಮರುದಿನ ಬೆಳಕು ಹರಿಯುವ ಮೊದಲೇ ಬೇಕರಿಯ ಬೀಗ ತೆಗೆದವಳು ಅವಳೇ. ಬ್ರೆಡ್ಡನ್ನು ಕೊಂಡು ತಿಂದಷ್ಟೇ ಗೊತ್ತಿದ್ದ ಅವಳು ಶುರುವಿನಲ್ಲಿ ಇಟ್ಟಿಗೆಯಂಥ ಬ್ರೆಡ್ಡು ಮಾಡಿ ಗಿರಾಕಿಗಳ ಬಾಯಿಗೆ ಬಿದ್ದಳು. ಹಟ ಮಾತ್ರ ಬಿಡಲಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಅವಳ ಬನ್ನಿಗೆ ಜನ ಸಾಲುಗಟ್ಟತೊಡಗಿದರು. ಸಂಜೆ ಬಂದು ತಮ್ಮನ ತಲೆಗೆ ನೀರು ಹಾಕಿ, ಅಂಗಿಯ ಗುಂಡಿ ಹಾಕಿ ಹೋಗುವುದೂ ಅವಳದೇ ಕೆಲಸವಾಗಿತ್ತು.

ಕೈ ಕೂಡಿಕೊಂಡಿತು, ಮೊದಲಿನ ಕಸುವು ಬರಲಿಲ್ಲ. ದೊಡ್ಡ ಹೊಳೆಗೆಂದು ಇಟ್ಟುಕೊಂಡಿದ್ದ ಹಳೆಯ ಗಾಳದ ಕೋಲನ್ನು ಎತ್ತಿದರೆ ಜೀವ ಹೋದಂತಾಗುತ್ತಿತ್ತು. ಗುಡ್ಡದ ಸಣ್ಣ ತೊರೆಗಳಲ್ಲಿ ಟ್ರೌಟ್ ಮೀನು ಹಿಡಿಯಲು ಹಗುರವಾದೊಂದು ಫ್ಲೈ ರಾಡ್, ಅಂದರೆ ಸುಳ್ಳು ನೊಣ ಕಟ್ಟಿ ಬೀಸುವ ಕೋಲು, ಕೊಳ್ಳೋಣವೆಂದು ಒಂದು ಭಾನುವಾರ ಅಕ್ಕನನ್ನೂ ಹೊರಡಿಸಿಕೊಂಡು ಗಾಳದ ಸಾಮಾನಿನ ಅಂಗಡಿಗೆ ಹೋದ.

ಗಾಜಿನ ಪೆಟ್ಟಿಗೆಯಲ್ಲಿ, ಗಾಳಕ್ಕೆ ಪುಕ್ಕ ಸುತ್ತಿ ಕಟ್ಟಿದ ಸುಳ್ಳು ನೊಣಗಳು ಸಾಲಾಗಿದ್ದವು. ಅಕ್ಕ ಬಗ್ಗಿ ನೋಡಿ, "ಇಷ್ಟು ಚಂದದ ನೊಣ ನಮ್ಮ ಬೇಕರಿಗೆ ಬಂದಿದ್ರೆ ಓಡಿಸ್ತಾನೇ ಇರ್ಲಿಲ್ಲ" ಎಂದಳು.

ಅವನು ಅಷ್ಟರಲ್ಲಿ ಎಲ್ಲಕ್ಕಿಂತ ಉದ್ದನೆಯ ಕೋಲಿಗೆ ಕೈ ಹಾಕಿದ್ದ.

"ನೀವು ಹೋಗೋ ತೊರೆ ಎಷ್ಟು ಅಗಲ?" ಎಂದು ಅಂಗಡಿಯಾಕೆ ಕೇಳಿದಳು.

"ಮನಸ್ಸು ಮಾಡಿದ್ರೆ ಹಾರಿ ದಾಟಬಹುದು. ಎರಡೂ ಕಡೆ ಪೊದೆ."

"ಹಾಗಾದ್ರೆ ಅದನ್ನ ಇಟ್ಟುಬಿಡಿ. ಮೀನಿಗಿಂತ ಸೊಪ್ಪೇ ಜಾಸ್ತಿ ಸಿಗುತ್ತೆ."

ಅಂಗಡಿಯ ಹಿತ್ತಲಲ್ಲಿ ಬಕೆಟ್ಟೊಂದನ್ನು ಗುರಿಯಿಟ್ಟು, ಆಕೆ ಕೊಟ್ಟ ಗಿಡ್ಡ ಕೋಲನ್ನು ಬೀಸಿ ನೋಡಿದ. ಹಗುರವೇನೋ ಇತ್ತು, ಆದರೆ ಬಿರುಸು. ಜೋರಾಗಿ ಬೀಸದೆ ದಾರ ಮುಂದೆ ಹೋಗಲೊಲ್ಲದು; ಬೀಸಿದರೆ ಮಣಿಕಟ್ಟು ಚಳಕ್ಕೆನ್ನುವುದು. ದಾರ ಮೂರು ಸಲವೂ ಕಾಲ ಬುಡದಲ್ಲೇ ಗುಡ್ಡೆಯಾಯಿತು.

"ಬೇಡ ಬಿಡಿ. ಇದಿನ್ನು ನನ್ನ ಕೈಲಾಗೋ ಮಾತಲ್ಲ" ಎಂದ. ಅವನ ಮುಖ ಸಪ್ಪಗಾಗಿತ್ತು.

ಆಕೆ ಒಳಗಿಂದ ಇನ್ನೊಂದನ್ನು ತಂದಳು. ಅಷ್ಟೇ ಉದ್ದ, ಆದರೆ ಬುಡದವರೆಗೂ ಬಳುಕುವಂಥದು. "ನೀವು ಬಲ ಹಾಕ್ಬೇಡಿ. ದಾರದ ಭಾರಕ್ಕೆ ಇದು ತಾನೇ ಬಾಗುತ್ತೆ, ತಾನೇ ಎಸೆಯುತ್ತೆ."

ಅವನು ಅನುಮಾನಿಸುತ್ತ ನಿಂತ. ಅಕ್ಕ ಹಿಂದಿನಿಂದ, "ಹಿಟ್ಟನ್ನ ಎಳೆದಾಡಿದ್ರೆ ಹರಿಯುತ್ತೆ, ಸ್ವಲ್ಪ ಬಿಟ್ಟುಕೊಟ್ರೆ ಮಾತು ಕೇಳುತ್ತೆ ಅಂತ ನಂಗೆ ಹೇಳಿಕೊಟ್ಟೋನು ನೀನೇ ತಾನೆ?" ಎಂದಳು.

ಅವನು ಸುಮ್ಮನೆ ಹಿಂದಕ್ಕೆ ತೂಗಿ, ಒಂದು ಗಳಿಗೆ ತಡೆದು, ಮುಂದಕ್ಕೆ ಬಿಟ್ಟ. ದಾರ ಗಾಳಿಯಲ್ಲಿ ಬಿಚ್ಚಿಕೊಂಡು ಹೋಗಿ ಬಕೆಟ್ಟಿನ ಅಂಚಿಗೆ ಮೆತ್ತಗೆ ಒರಗಿತು. ನೋವಿಲ್ಲ. ಮತ್ತೊಮ್ಮೆ ಬೀಸಿದ. ಇಲ್ಲ, ನೋವೇ ಇಲ್ಲ.

ಮುಂದಿನ ಭಾನುವಾರ ಇಬ್ಬರೂ ತೊರೆಗೆ ಹೋದರು. ಬಿಸಿಲೇರುವಷ್ಟರಲ್ಲಿ ಗೇಣುದ್ದದ ಟ್ರೌಟೊಂದು ಸುಳ್ಳು ನೊಣವನ್ನು ಕಚ್ಚಿತು. ಕೋಲು ಬಿಲ್ಲಾಯಿತು, ಕೈ ಸೋಲಲಿಲ್ಲ. ಚುಕ್ಕೆ ಮೈಯ ಮೀನನ್ನು ಒದ್ದೆ ಅಂಗೈಯಲ್ಲಿ ಹಿಡಿದು ಅಕ್ಕನಿಗೆ ತೋರಿಸಿ, ನೀರಿಗೆ ಬಿಟ್ಟ.

"ಅಕ್ಕಾ, ನೀನಿಲ್ಲದಿದ್ರೆ ನಾನು..."

"ಥ್ಯಾಂಕ್ಸ್ ಗೀಂಕ್ಸ್ ಅಂದ್ರೆ ನೀರಿಗೆ ತಳ್ತೀನಿ ನೋಡು."

"ತಳ್ಳು. ಹೇಳೇ ಬೀಳ್ತೀನಿ. ನಂಗೆ ಕೈ ವಾಪಸ್ ಕೊಟ್ಟೋಳು ನೀನು."

ಅಕ್ಕ ತಳ್ಳಲಿಲ್ಲ. ಹರಿಯುವ ನೀರನ್ನೇ ನೋಡುತ್ತ, "ನಿಮ್ಮ ಭಾವ ತೀರಿಹೋದ್ಮೇಲೆ ಬೆಳಗ್ಗೆ ಏಳೋದು ಯಾಕೆ ಅನ್ನಿಸ್ತಿತ್ತು ಕಣೋ. ನಿನ್ನ ಬೇಕರಿ ಎಬ್ಬಿಸ್ತು. ಕೈ ಸರಿಹೋಯ್ತು ಅಂತ ನನ್ನ ಕಳಿಸಿಬಿಡಬೇಡ" ಎಂದಳು.

"ಕಳಿಸೋದಾ? ಗಿರಾಕಿಗಳು ನನ್ನನ್ನೇ ಕಳಿಸಿಯಾರು!"

ಅವಳು ಕಣ್ಣೊರೆಸಿಕೊಂಡು ನಕ್ಕಳು. ಬೂಟು ಬಿಚ್ಚಿ, ತಣ್ಣನೆಯ ನೀರಿಗೆ "ಅಯ್ಯಪ್ಪಾ" ಎನ್ನುತ್ತ ಇಳಿದು ಬಂದು ಅವನ ಪಕ್ಕ ನಿಂತಳು.

"ಎಲ್ಲಿ, ಕೋಲು ಹೇಗೆ ಹಿಡ್ಕೋಬೇಕು ಹೇಳು."