ಏಣಿಯ ಎಡಗೈ

ಆಸ್ಪತ್ರೆಯಲ್ಲಿ ನನ್ನನ್ನು ಎಲ್ಲರೂ ಮೂಳೆಯಕ್ಕ ಎಂದೇ ಕರೆಯುತ್ತಾರೆ. ನನಗೆ ಮುಖ ನೆನಪಿರುವುದಿಲ್ಲ, ಮೂಳೆ ತೋರಿಸಿದರೆ ಆಸಾಮಿಯ ಜಾತಕ ಹೇಳುತ್ತೇನೆ ಎಂದು ಅವರ ಗೇಲಿ. ಇಪ್ಪತ್ತಾರು ವರ್ಷದಿಂದ ಎಕ್ಸ್‌ರೇ ಕೋಣೆಯಲ್ಲಿದ್ದೇನೆ. ಕಿಟಕಿ ಇಲ್ಲ, ಫ್ಯಾನು ಇದ್ದೂ ಇಲ್ಲದಂತೆ. ಯಂತ್ರವೂ ನನ್ನ ಹಾಗೇ, ಗೊಣಗದೆ ಯಾವ ಕೆಲಸವನ್ನೂ ಮಾಡುವುದಿಲ್ಲ.

ವಾರಕ್ಕೊಮ್ಮೆಯಾದರೂ ಪೊಲೀಸಮ್ಮ ಯಾವುದಾದರೂ ಮಗುವನ್ನು ಕರೆತರುತ್ತಾಳೆ. ಕಾರ್ಖಾನೆಯಿಂದಲೋ ಲಾಡ್ಜಿನಿಂದಲೋ ಯಾರದೋ ಮನೆಯ ಅಡುಗೆಕೋಣೆಯಿಂದಲೋ ಬಿಡಿಸಿ ತಂದ ಮಗು. ಹುಟ್ಟಿದ ದಿನದ ಕಾಗದ ಇರುವುದಿಲ್ಲ. ಇದ್ದರೆ ಅದು ಮಾರಿದವರೇ ಮಾಡಿಸಿದ್ದು. ಆಗ ಎಡಗೈಯ ಫಿಲ್ಮ್ ತೆಗೆಯಬೇಕು. ಮಣಿಕಟ್ಟಿನ ಹತ್ತಿರ ಮೂಳೆಯ ತುದಿಯಲ್ಲಿ ಒಂದು ಕಪ್ಪು ಗೆರೆ ಇರುತ್ತದೆ. ಬೆಳೆಯುವ ವಯಸ್ಸಿನಲ್ಲಿ ಅದು ತೆರೆದಿರುತ್ತದೆ, ಬೆಳೆದು ಮುಗಿದ ಮೇಲೆ ಮುಚ್ಚಿಕೊಳ್ಳುತ್ತದೆ. ಡಾಕ್ಟರು ಮಗುವನ್ನು ನೋಡುವುದಿಲ್ಲ. ತಮ್ಮ ಕೋಣೆಯಲ್ಲಿ ಕೂತು ಗೆರೆ ನೋಡಿ, ಇಷ್ಟರಿಂದ ಇಷ್ಟು ವರ್ಷ ಎಂದು ಎರಡು ಅಂಕಿ ಬರೆದುಬಿಡುತ್ತಾರೆ. ಕೋರ್ಟು ದೊಡ್ಡ ಅಂಕಿಯನ್ನೇ ಹಿಡಿಯುತ್ತದೆ. ಹದಿನೇಳರಿಂದ ಹತ್ತೊಂಬತ್ತು ಎಂದು ಬರೆದರೆ ಕಥೆ ಮುಗಿಯಿತು: ಅವಳು ದೊಡ್ಡವಳು, ಇಷ್ಟಪಟ್ಟು ಹೋದವಳು, ಬಿಟ್ಟುಬಿಡಿ. ಹಾಗೆ ಬಿಟ್ಟುಕೊಟ್ಟ ಹುಡುಗಿಯರನ್ನು ನೋಡಿ ನೋಡಿ ಆ ಎರಡನೇ ಅಂಕಿಯ ಮೇಲೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಏಣಿ ಬಂದದ್ದು ಒಂದು ದಿನ ಹನ್ನೊಂದು ಗಂಟೆಯ ಸುಮಾರಿಗೆ. ಬಿಡಿಸಿ ತಂದವರನ್ನು ಇಡುವ ಮಕ್ಕಳ ಮನೆಗೆ ಸೇರಿಸಿದ ದಿನವೇ ಅಲ್ಲಿಯ ಪುಟಾಣಿಗಳು ಅವಳಿಗೆ ಇಟ್ಟ ಹೆಸರು ಅದು. ಪೊಲೀಸಮ್ಮನಿಗಿಂತ ಒಂದು ಗೇಣು ಎತ್ತರ. ಗಂಟೆಯ ಲೆಕ್ಕದಲ್ಲಿ ಕೋಣೆ ಕೊಡುವ ಲಾಡ್ಜಿನಲ್ಲಿ, ಹೊರಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಸಿಕ್ಕವಳು. ಅಲ್ಲಿ ಇಟ್ಟಿದ್ದ ಅವಳ ಚಿಕ್ಕಮ್ಮ ಜಾಮೀನಿನ ಮೇಲೆ ಹೊರಗೆ ಬಂದು, ನಮ್ಮ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು. ಹುಡುಗಿಗೆ ಹತ್ತೊಂಬತ್ತು ಎನ್ನುವ ಕಾಗದ ಅವಳ ಕೈಯಲ್ಲಿತ್ತು.

ಬಾಗಿಲು ಹಾಕಿದ ಮೇಲೆ ಏಣಿ ಕೇಳಿದಳು. "ಅಕ್ಕಾ, ನಾನು ಎಷ್ಟು ವರ್ಷ ಅಂತ ಹೇಳ್ಬೇಕು?"

"ಏನು ಹೇಳಿಕೊಟ್ಟಿದ್ದಾರೆ?"

"ಹತ್ತೊಂಬತ್ತು."

"ನಿಜವಾಗಿ ಎಷ್ಟು?"

"ಗೊತ್ತಿಲ್ಲ. ತಮ್ಮ ಹುಟ್ಟಿದಾಗ ನಾನು ನಾಲ್ಕನೇ ಕ್ಲಾಸು. ಅವನನ್ನ ಈಗ ಸ್ಕೂಲಿಗೆ ಸೇರಿಸಿದಾರಂತೆ." ಪ್ಲೇಟಿನ ಮೇಲಿಟ್ಟ ಕೈ ತರಗುಟ್ಟುತ್ತಿತ್ತು. "ಚಿಕ್ಕಮ್ಮನ ಜೊತೆ ಕಳಿಸ್ಬೇಡಿ ಅಕ್ಕಾ."

"ಕಳಿಸಲ್ಲ" ಎಂದೆ. ಹಾಗೆ ಹೇಳಲು ನಾನು ಯಾರು?

ಕೈ ಅಲುಗಿದರೆ ಇನ್ನೊಮ್ಮೆ ತೆಗೆಯಬೇಕು ಎನ್ನುವುದು ಈ ಕೆಲಸದ ಮೊದಲ ಪಾಠ. ಹೊಸದಾಗಿ ಸೇರುವವರಿಗೆ ಅದನ್ನು ಕಿವಿ ಹಿಂಡಿ ಕಲಿಸುವವಳು ನಾನೇ. ತೆಗೆದ ಫಿಲ್ಮನ್ನು ಕತ್ತಲ ಕೋಣೆಯಲ್ಲಿ ತೊಳೆದು ಹೊರಗೆ ತಂದು ದೀಪಕ್ಕೆ ಹಿಡಿದೆ. ಎಲ್ಲವೂ ಮಸುಕು, ಗೆರೆ ಕಾಣಲಿಲ್ಲ. ಮುಚ್ಚಿಹೋಗಿದೆ ಎಂದುಕೊಂಡೆ. ಇನ್ನೊಮ್ಮೆ ತೆಗೆದರೆ ಮುಚ್ಚಿರುವುದು ಸ್ಪಷ್ಟವಾಗಿ ಕಂಡುಬಿಡುತ್ತದಲ್ಲ, ಡಾಕ್ಟರು ಹತ್ತೊಂಬತ್ತು ಬರೆದುಬಿಡುತ್ತಾರಲ್ಲ ಎಂದು ಭಯವಾಯಿತು. ಅದಕ್ಕೇ ತೆಗೆಯಲಿಲ್ಲ.

ಅಂದು ಬೆಳಿಗ್ಗೆ ಮೆಟ್ಟಿಲಿನಿಂದ ಬಿದ್ದು ಎಡಗೈ ನೋವೆಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು. ಏನೂ ಆಗಿರಲಿಲ್ಲ, ಅವಳ ಅಮ್ಮನ ಸಮಾಧಾನಕ್ಕೆಂದು ಎರಡು ಸಲ ತೆಗೆದಿದ್ದೆ. ಹೆಚ್ಚಾದ ಫಿಲ್ಮ್ ತಂತಿಯ ಮೇಲೆ ಒಣಗುತ್ತಿತ್ತು. ಪ್ಲೇಟಿಗೆ ಅಂಟಿಸುವ ಸೀಸದ ಅಂಕಿಗಳು ಕಳೆದುಹೋಗಿ ಎಷ್ಟೋ ವರ್ಷವಾಗಿ, ನಾವು ನಂಬರನ್ನು ಫಿಲ್ಮಿನ ಮೂಲೆಯಲ್ಲಿ ಬಿಳಿ ಶಾಯಿಯಿಂದ ಬರೆಯುತ್ತೇವೆ. ಆ ಪುಟ್ಟ ಕೈಯ ಮೂಲೆಯಲ್ಲಿ ಏಣಿಯ ನಂಬರು ಬರೆದೆ. ಏಣಿಯ ಫಿಲ್ಮನ್ನು ಕತ್ತರಿಸಿ ಬಕೆಟ್ಟಿಗೆ ಹಾಕಿದೆ. ಡಾಕ್ಟರು ಹನ್ನೊಂದರಿಂದ ಹದಿಮೂರು ಎಂದು ಬರೆದರು. ಅಂದು ಮನೆಗೆ ಹೋಗುವಾಗ ನನಗೆ ಹೆಮ್ಮೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಕೋರ್ಟಿನಲ್ಲಿ ಚಿಕ್ಕಮ್ಮನ ವಕೀಲ ಹೆಚ್ಚು ಮಾತಾಡಲಿಲ್ಲ. "ಹದಿಮೂರು ದಾಟದ ಮಗುವಂತೆ ಸ್ವಾಮಿ. ಪೊಲೀಸಮ್ಮನ ಪಕ್ಕ ಒಂದು ನಿಮಿಷ ನಿಲ್ಲಿಸಿ ನೋಡಿ." ಕೂತವರೆಲ್ಲ ನಕ್ಕರು. ಬೇರೆ ಆಸ್ಪತ್ರೆಯಲ್ಲಿ ಎರಡನೇ ಪರೀಕ್ಷೆ ಆಯಿತು.

ಅಲ್ಲಿಯವರು ಅವಳ ಕೈಯನ್ನು ಮರಳಿನ ಚೀಲದಡಿ ಒತ್ತಿಟ್ಟು, ಅಲುಗದ ಹಾಗೆ ತೆಗೆದರಂತೆ. ಗೆರೆ ತೆರೆದೇ ಇತ್ತು. ಹದಿನಾಲ್ಕರಿಂದ ಹದಿನಾರು. ದೊಡ್ಡ ಅಂಕಿ ಹಿಡಿದರೂ ಅವಳು ಮಗುವೇ. ನಾನು ನನ್ನ ಪಾಡಿಗೆ ನನ್ನ ಕೆಲಸ ಮಾಡಿದ್ದಿದ್ದರೆ ಸಾಕಿತ್ತು. ಇನ್ನೊಂದು ವಿಷಯವೂ ಆ ಫಿಲ್ಮಿನಲ್ಲಿತ್ತು: ಕಿರುಬೆರಳಿನ ಬುಡದಲ್ಲಿ ಮೂಳೆ ಹಿಂದೆಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ನನ್ನ ಫಿಲ್ಮಿನ ಕಿರುಬೆರಳು ನೆಟ್ಟಗಿತ್ತು.

ಮಕ್ಕಳ ಮನೆಯ ಮೇಡಂ ನನ್ನನ್ನು ಹುಡುಕಿಕೊಂಡು ಬಂದರು. ಅವರಿಗೆ ಅರ್ಥವಾಗಿತ್ತು. "ಮೊದಲಿನ ಫಿಲ್ಮ್ ಅವಳದಲ್ಲ ಅಂತ ನೀವು ಒಂದು ಮಾತು ಹೇಳಿದ್ರೆ ಸಾಕು. ಎರಡನೇದು ನಿಲ್ಲುತ್ತೆ. ಇಲ್ಲದಿದ್ರೆ ಎರಡೂ ಬೀಳುತ್ತೆ."

ಮನೆಯಲ್ಲಿ ಹೇಳಿದೆ. ನನ್ನ ಯಜಮಾನರು ದರ್ಜಿ. ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಿಕೊಡಲೂ ನಾನೇ ಬೇಕು. "ನಿನಗ್ಯಾಕೆ ಬೇಕಿತ್ತು ಊರ ಉಸಾಬರಿ? ಸಾಕ್ಷಿ ತಿದ್ದಿದೋರನ್ನ ಒಳಗೆ ಹಾಕ್ತಾರೆ. ಪಿಂಚಣಿಗೆ ಇನ್ನು ಎರಡು ವರ್ಷ ಇದೆ, ಬಾಯಿ ಮುಚ್ಚಿಕೊಂಡಿರು" ಎಂದರು. ಅವರ ಮೇಲೆ ಹಾಕಿ ನಾನು ಜಾರಿಕೊಳ್ಳುತ್ತಿಲ್ಲ. ಅವರು ಹಾಗೆ ಹೇಳಲಿ ಎಂದೇ ಕೇಳಿದ್ದೆ.

ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತಾಗ ಚಿಕ್ಕಮ್ಮನ ವಕೀಲ ಎರಡೂ ಫಿಲ್ಮ್ ಹಿಡಿದು, ಮೊದಲನೆಯದನ್ನು ತೋರಿಸಿ ಕೇಳಿದ. "ಇದು ನೀವು ತೆಗೆದದ್ದೇ?"

"ಹೌದು."

"ಈ ಹುಡುಗಿಯದೇ?"

ಏಣಿ ಎದುರಿಗೇ ನಿಂತಿದ್ದಳು. ನಾನು ಅವಳ ಪರವಾಗಿ ಬಂದಿದ್ದೇನೆ ಎಂದು ಅವಳ ಮುಖ ಸ್ವಲ್ಪ ಗೆಲುವಾಗಿತ್ತು.

"ನಂಬರು ಅವಳದೇ" ಎಂದೆ.

ಜಡ್ಜು ಕನ್ನಡಕ ತೆಗೆದರು. "ಒಂದೇ ಬೆರಳು ಒಂದರಲ್ಲಿ ಮುರಿದಿದೆ, ಒಂದರಲ್ಲಿ ಇಲ್ಲ. ಯಾವುದನ್ನ ನಂಬೋದು?" ಎಷ್ಟು ವರ್ಷ ಎಂದು ಹುಡುಗಿಯನ್ನೇ ಕೇಳಿದರು. ಹಿಂದಿನ ಸಾಲಿನಲ್ಲಿ ಚಿಕ್ಕಮ್ಮ ಗಂಟಲು ಸರಿಮಾಡಿಕೊಂಡಳು. ಏಣಿ ನೆಲ ನೋಡುತ್ತ ಹತ್ತೊಂಬತ್ತು ಎಂದಳು. ಆರು ವಾರದ ನಂತರ ದೊಡ್ಡಾಸ್ಪತ್ರೆಯಲ್ಲಿ ಮೂರನೇ ಪರೀಕ್ಷೆ, ದೊಡ್ಡವಳೆಂದು ಅವಳೇ ಹೇಳಿರುವುದರಿಂದ ಅಲ್ಲಿಯವರೆಗೆ ಹುಡುಗಿ ಸಂಬಂಧಿಕಳಾದ ಚಿಕ್ಕಮ್ಮನ ವಶದಲ್ಲಿರಲಿ ಎಂದು ಆದೇಶವಾಯಿತು.

ಹೊರಗಿನ ಓಣಿಯಲ್ಲಿ ಚಿಕ್ಕಮ್ಮ ಅವಳ ರಟ್ಟೆ ಹಿಡಿದು ನಡೆಸಿಕೊಂಡು ಹೋದಳು. ನನ್ನ ಪಕ್ಕ ಬಂದಾಗ ಏಣಿ ಮೆಲ್ಲಗೆ, "ಕಳಿಸಲ್ಲ ಅಂದಿದ್ರಿ ಅಕ್ಕಾ" ಎಂದಳು. ದೂರಿದ ಹಾಗಿರಲಿಲ್ಲ. ನಾನು ಮರೆತಿದ್ದೇನೇನೋ ಎಂದು ನೆನಪಿಸಿದ ಹಾಗಿತ್ತು.

ಮೂರನೇ ಪರೀಕ್ಷೆಯ ದಿನ ನನ್ನ ಕೈಗೆ ಯಾವ ಕೆಲಸವೂ ಹತ್ತಲಿಲ್ಲ. ಮಧ್ಯಾಹ್ನ ಪೊಲೀಸಮ್ಮ ಬಂದಳು. ದೊಡ್ಡಾಸ್ಪತ್ರೆಗೆ ಏಣಿ ಬಂದಿರಲಿಲ್ಲ. ಇವಳೇ ಚಿಕ್ಕಮ್ಮನ ಮನೆಗೆ ಹೋಗಿ ನೋಡಿದಳಂತೆ. ಬೀಗ. ಒಂದು ತಿಂಗಳ ಹಿಂದೆಯೇ ಗಂಟುಮೂಟೆ ಕಟ್ಟಿಕೊಂಡು ಹೋದರು, ಎಲ್ಲಿಗೆ ಎಂದು ಗೊತ್ತಿಲ್ಲ ಎಂದು ಪಕ್ಕದ ಮನೆಯವರು ಹೇಳಿದರಂತೆ.

ನಾನು ಎಲ್ಲವನ್ನೂ ಹೇಳಿದೆ, ಒಂದನ್ನೂ ಬಿಡದೆ. ಬರೆದು ಸಹಿ ಹಾಕಿ ಕೊಡುತ್ತೇನೆ, ಒಳಗೆ ಹಾಕಿದರೆ ಹಾಕಲಿ ಎಂದೆ. ಅತ್ತುಬಿಟ್ಟೆ.

ಪೊಲೀಸಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬರೆದು ಕೊಡಿ, ತಗೋತೀನಿ" ಎಂದಳು. "ಈಗ ಹೊರಗೆ ಇನ್ನೊಂದು ಮಗು ಕೂತಿದೆ, ಒಳಗೆ ಕರೀತೀನಿ. ಅವಳ ಕೈಯದ್ದೇ ತೆಗೀರಿ."