ಅರ್ಧ ಮಾತ್ರೆ

ನಮ್ಮ ಅತ್ತೆ ದೊಡ್ಡಗಂಗಮ್ಮನವರಿಗೆ ಒಬ್ಬರೇ ಕೂತು ಏನನ್ನೂ ಬಾಯಿಗೆ ಹಾಕಿಕೊಂಡು ಗೊತ್ತಿಲ್ಲ. ಒಂದು ಸೀಬೆಹಣ್ಣು ಸಿಕ್ಕರೂ ಜಗಲಿಯಲ್ಲಿ ಕೂತವರಿಗೆಲ್ಲ ಹೋಳು ಹಂಚಿ, ಉಳಿದ ಚೂರನ್ನು ತಾವು ಚಪ್ಪರಿಸುವವರು. ಸಿ.ಎಸ್. ಪುರದಲ್ಲಿ ಅವರ ಈ ಗುಣ ಗೊತ್ತಿಲ್ಲದವರಿಲ್ಲ.

ಈ ಬೇಸಿಗೆಯಲ್ಲಿ ನಮ್ಮ ಮನೆಗೆ ಮೈತ್ರೇಯಿ ಬಂದಳು. ತುಮಕೂರಿನ ಹುಡುಗಿ, ಸಾರ್ವಜನಿಕ ಆರೋಗ್ಯದಲ್ಲಿ ಎಂ.ಪಿ.ಎಚ್. ಓದುತ್ತಿದ್ದಳು. ಚಿಕಿತ್ಸೆ ಸರಿಯಾಗಿ ತಲುಪದ ಜನರ ನಡುವೆ ಇದ್ದು ಕಲಿತು ಬರಲಿ ಎಂದು ಕಾಲೇಜಿನವರು ಕಳಿಸಿದ್ದರು. ಹಿಂದಿನ ಕೋಣೆ ಕೊಟ್ಟೆವು. ವಾರ ಕಳೆಯುವುದರೊಳಗೆ ಅತ್ತೆ ಅವಳನ್ನು ಮೊಮ್ಮಗಳು ಮಾಡಿಕೊಂಡು, ನೆತ್ತಿಗೆ ಹರಳೆಣ್ಣೆ ತಟ್ಟುವ ಮಟ್ಟಕ್ಕೆ ಬಂದಿದ್ದರು.

ಅತ್ತೆಗೆ ಬಿ.ಪಿ. ಇತ್ತು. ಸರ್ಕಾರಿ ಆಸ್ಪತ್ರೆಯಿಂದ ಮಾತ್ರೆ ಬರುತ್ತಿತ್ತು, ಖಾಲಿಯೂ ಆಗುತ್ತಿತ್ತು. ಡಾಕ್ಟರು ಪವರ್ ಹೆಚ್ಚಿಸಿ ಕೊಟ್ಟರೂ ಬಿ.ಪಿ. ಮಾತ್ರ ಜಪ್ಪಯ್ಯ ಎಂದರೂ ಇಳಿಯಲಿಲ್ಲ. "ಹಿಂಗೇ ಇದ್ರೆ ಲಕ್ವ ಹೊಡೆಯುತ್ತೆ ಪ್ರೇಮಾ ಆಂಟಿ," ಎಂದು ಮೈತ್ರೇಯಿ ನನ್ನ ಹತ್ತಿರ ಗೋಳಾಡಿದಳು. ನಾನು ಉಪ್ಪಿನಕಾಯಿ ಜಾಡಿಯನ್ನು ಅಟ್ಟ ಹತ್ತಿಸಿದೆ. ಅತ್ತೆ ನನ್ನ ಜೊತೆ ಮಾತು ಬಿಟ್ಟರು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಪುಟ್ಟರಂಗಮ್ಮ ನಮ್ಮ ಜಗಲಿಯಿಂದ ಏಳಲು ಹೋಗಿ ತಲೆ ಸುತ್ತಿ ಕುಸಿದರು. ಮೈತ್ರೇಯಿ ಓಡಿ ಬಂದು ಮಲಗಿಸಿ, ತೋಳಿಗೆ ಪಟ್ಟಿ ಸುತ್ತಿ ನೋಡಿದಳು. ಬಿ.ಪಿ. ಪಾತಾಳದಲ್ಲಿತ್ತು.

"ಅಜ್ಜಿ, ಏನಾದ್ರೂ ಮಾತ್ರೆ ತಗೋತೀರಾ?"

"ನಾನ್ಯಾವ ಆಸ್ಪತ್ರೆಗೆ ಹೋಗಿದೀನಿ ತಾಯಿ? ಗಂಗಕ್ಕ ಕೊಡೋದೇ. ಅರ್ಧ ತಾನು ನುಂಗಿ, ಅರ್ಧ ಮುರಿದು ನನ್ ಕೈಗೆ ಹಾಕ್ತಾಳೆ."

ನನಗೆ ಮೈಯೆಲ್ಲ ಉರಿದುಹೋಯಿತು. "ಏನತ್ತೆ, ಅದೇನು ಕೋಡುಬಳೆಯಾ ಹಂಚೋಕೆ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಅತ್ತೆ ತಲೆ ತಗ್ಗಿಸಿಕೊಂಡು, "ಎದ್ರಿಗೆ ಕುಂತವ್ಳನ್ನ ಬುಟ್ಟು ನಾನೊಬ್ಳೇ ಹೆಂಗವ್ವಾ ನುಂಗ್ಲಿ? ಅವ್ಳೂ ಸುಸ್ತು ಅಂತಿದ್ಲು," ಎಂದರು.

ಮೈತ್ರೇಯಿ ಕಣ್ಸನ್ನೆಯಲ್ಲೇ ನನ್ನ ಬಾಯಿ ಮುಚ್ಚಿಸಿದಳು. ಅತ್ತೆಯ ಪಕ್ಕ ಕೂತು, ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಯಾಕೆ ಅಪಾಯ ಎಂದು ನಿಧಾನವಾಗಿ ಹೇಳಿದಳು. ಆಟೋ ಕರೆಸಿ ಪುಟ್ಟರಂಗಮ್ಮನವರನ್ನು ಆಸ್ಪತ್ರೆಗೆ ತಾನೇ ಕರೆದೊಯ್ದಳು. ಅವರಿಗೆ ಬಿ.ಪಿ. ಕಾಯಿಲೆಯೇ ಇಲ್ಲ, ರಕ್ತ ಕಡಿಮೆ ಎಂದು ಗೊತ್ತಾಯಿತು.

"ನನ್ ಕೈಯಾರೆ ಅವ್ಳನ್ನ ಬೀಳಿಸ್ಬುಟ್ನಲ್ಲ," ಎಂದು ಅತ್ತೆ ಅತ್ತರು. ತಮ್ಮ ಮಾತ್ರೆಯನ್ನೆಲ್ಲ ತಂದು ಮೈತ್ರೇಯಿಯ ಕೈಗಿಟ್ಟು, "ಇನ್ ನಂಗೂ ಬ್ಯಾಡ," ಎಂದುಬಿಟ್ಟರು. ಮೈತ್ರೇಯಿ ಬೇಡಿದಳು, ನಾನು ಬೈದೆ, ನನ್ನ ಯಜಮಾನರು ಆಣೆ ಹಾಕಿದರು. ಒಂದು ಚೂರೂ ಒಳಗೆ ಹೋಗಲಿಲ್ಲ. ಬಿ.ಪಿ. ಇನ್ನೂ ಏರಿತು. ಹಿತ್ತಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ ಮೈತ್ರೇಯಿಯನ್ನು ಕಂಡು ಹತ್ತಿರ ಹೋದೆ.

"ಪರೀಕ್ಷೆಗೆ ಎಲ್ಲಾ ಬರೀತೀನಿ ಆಂಟಿ. ನಮ್ಮಜ್ಜಿಗೆ ಏನಾದ್ರೂ ಆಗ್ಬಿಟ್ರೆ?" ಎಂದಳು. ಆ 'ನಮ್ಮಜ್ಜಿ' ಕೇಳಿ ನನಗೂ ಅಳು ಬಂತು.

ಮಾರನೆಯ ಬೆಳಿಗ್ಗೆ ಪುಟ್ಟರಂಗಮ್ಮ ಸುದ್ದಿ ತಿಳಿದು ಗೋಡೆ ಹಿಡಿದುಕೊಂಡು ಬಂದರು. ಆಸ್ಪತ್ರೆಯಲ್ಲಿ ಕೊಟ್ಟ ತಮ್ಮ ರಕ್ತದ ಮಾತ್ರೆ ಅವರ ಸೆರಗಿನ ತುದಿಯಲ್ಲಿತ್ತು. ಮೈತ್ರೇಯಿಯಿಂದ ಅತ್ತೆಯ ಮಾತ್ರೆಯನ್ನು ಇಸಿದುಕೊಂಡು ಅತ್ತೆಯ ಎದುರಿಗೇ ಕೂತರು.

"ನಿಂದು ನೀನು ನುಂಗು, ನಂದು ನಾನು ನುಂಗ್ತೀನಿ. ಮೊದ್ಲು ನೀನು. ನೀನೂ ಬಿದ್ದೋದ್ರೆ ಈ ಜಗ್ಲಿ ಮ್ಯಾಲೆ ನಾನ್ಯಾರ ಜೊತೆ ಕುಂತ್ಕಳ್ಲಿ, ಗಂಗಕ್ಕಾ?"

 ಅತ್ತೆ ಬಾಯಿ ತೆರೆದರು. ಪುಟ್ಟರಂಗಮ್ಮನೇ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ನುಂಗಿದ್ದನ್ನು ಖಾತ್ರಿ ಮಾಡಿಕೊಂಡು, ತಮ್ಮದನ್ನು ಬಾಯಿಗೆ ಹಾಕಿಕೊಂಡರು. ಒಂದೇ ಚೊಂಬಿನ ನೀರನ್ನು ಇಬ್ಬರೂ ಎತ್ತಿ ಕುಡಿದರು.